ಸಿದರಾಯ ಕೇಳಿದ ಮೂಲೆ

'ಠಣ್' ಎಂದು ಹಾರೆ ಮತ್ತೆ ಸಿಡಿದು ಬಂತು. ಊರಿನ ರೈತ ಮಲಕಾರಿ ಕುಣಿಯೊಳಗೆ ನಿಂತೇ ಕೈ ಜಾಡಿಸಿಕೊಂಡು, "ಸತ್ತ ಮ್ಯಾಲೂ ಕಾಡಾಕತ್ತಾನ ನೋಡ ಇಂವ!" ಎಂದ.

ಹೆಣ ಹೊಲಕ್ಕೆ ಬಂದರೂ ಕುಣಿ ಮುಗಿದಿರಲಿಲ್ಲ. ಕುರಿ ಕಾಯ್ದು, ತುಂಡು ಹೊಲ ಉತ್ತು ಬದುಕಿದ ಸಿದರಾಯ ಬದುವಿನ ಮೇಲೆ ಹೂವಿನಲ್ಲಿ ಮುಚ್ಚಿಹೋಗಿದ್ದ. ದಿಗ್ಗೇವಾಡಿಯಿಂದ ಬಂದ ಬೀಗರು ಭಜನೆ ಹಾಡಿ ಹಾಡಿ ದಣಿದು, ಈಗ ತಂಬಾಕು ತಿಕ್ಕುತ್ತ ಊರ ಮಾತಿಗೆ ಇಳಿದಿದ್ದರು. ಹೆಂಡತಿ ಸತ್ತೆವ್ವ ಮಾತ್ರ ಎದ್ದು ಕುಣಿಯ ಹತ್ತಿರ ಬಂದಳು.

"ಇದ ಮೂಲಿ ಬೇಕಂದಿದ್ನೇನ್ರಿ ವೈನಿ ಅಂವ?" ಎಂದು ಮುಜಫ್ಫರ ಕೇಳಿದ. ಟ್ರ್ಯಾಕ್ಟರ್ ರಿಪೇರಿ ಮಾಡುವ ಮುಜಫ್ಫರ ಸಿದರಾಯನ ಜೀವದ ಗೆಳೆಯ, ಸತ್ತೆವ್ವ ಅವನಿಗೆ ಅತ್ತಿಗೆಯ ಸಮಾನ. ಬೆಳಗಿನಿಂದ ಅವನೂ ಮಣ್ಣು ಎತ್ತುತ್ತಿದ್ದ.

"ಇದ. ಬೇವಿನ ಗಿಡದ ಬುಡಕ, ಬ್ಯಾರೆ ಕಡೆ ಬ್ಯಾಡ ಅಂತ ನನ್ನ ಕೈ ಹಿಡಕೊಂಡ ಹೇಳ್ಯಾರ."

ಮಲಕಾರಿ ಕುಣಿಯಿಂದ ಒಂದು ಚೂರು ಎತ್ತಿ ಮೇಲಿಟ್ಟ. ಮಣ್ಣು ಒರೆಸಿದ. ಹಸಿರು! ಹೆಸರುಕಾಳಿನ ಹಸಿರು, ಮುಟ್ಟಿದರೆ ಎಣ್ಣೆ ಸವರಿದಂಥ ನುಣುಪು. ಮೂವರಿಗೂ ಅದರ ಗುರುತು ಸಿಕ್ಕಿತು.

* * *

ಎರಡು ವರ್ಷದ ಹಿಂದೆ ಕಾಲೇಜಿನ ಶೀತಲ್ ಸರ್ ಊರಿಗೆ ಬಂದಿದ್ದರು. ಸರ್ಪೆಂಟೈನ್ ಎಂಬ ಹಸಿರು ಕಲ್ಲು ಈ ಭಾಗದಲ್ಲಿ ಎಲ್ಲೆಲ್ಲಿ ಹೊರಬಿದ್ದಿದೆಯೋ ಅದನ್ನೆಲ್ಲ ನಕಾಶೆಗೆ ಹಾಕಬೇಕು, ಊರವರು ಕೈಜೋಡಿಸಬೇಕು ಎಂದರು. ಪಗಾರ ಇಲ್ಲ, ಚಹಾ ಮಾತ್ರ. ಮುಂದೆ ಬಂದವರು ಇಬ್ಬರೇ, ಸಿದರಾಯ ಮತ್ತು ಮುಜಫ್ಫರ. ಕುರಿ ಹಿಂದೆ ಗುಡ್ಡ ತಿರುಗುವವನಿಗೆ ಅದ್ಯಾವ ದೊಡ್ಡ ಕೆಲಸ! ಕಲ್ಲು ಕಂಡಲ್ಲಿ ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಿದರೆ ಆ ಜಾಗ ತಾನೇ ನಕಾಶೆಯಲ್ಲಿ ಮೂಡುತ್ತಿತ್ತು.

ಮಲಕಾರಿಯ ಹೊಲದಲ್ಲಿ ಕಲ್ಲು ಕಂಡಾಗ ಮಾತ್ರ ದೊಡ್ಡ ರಾಮಾಯಣವೇ ಆಯಿತು.

"ನಾಳೆ ಗಣಿಯವ್ರು ಬಂದು ಹೊಲಾ ಕಸಗೊಂಡ್ರ?" ಎಂದು ಮಲಕಾರಿ ಅಡ್ಡ ನಿಂತ.

"ಬರೇ ನಕಾಶಿ ಲೇ. ನನ್ನ ಮ್ಯಾಲ ನಂಬಿಗಿ ಇಲ್ಲೇನ?" ಎಂದ ಸಿದರಾಯ.

"ನಿನ್ನ ಹೊಲದಾಗ ಯಾಕಿಲ್ಲ ಮತ್ತ?"

"ಇದ್ರ ನಂದ ಮೊದಲ ಹಾಕ್ತಿದ್ನಿ. ಬರೇ ಮಣ್ಣೈತಿ."

ಮಲಕಾರಿ ನಂಬಿದ, ದಾರಿ ಬಿಟ್ಟ.

ಹೋದ ಬೇಸಿಗೆಯಲ್ಲಿ ಸಿದರಾಯ ಇದೇ ಬೇವಿನ ಬುಡದಲ್ಲಿ ಲಿಂಬೆ ಸಸಿಗೆಂದು ತಗ್ಗು ತೋಡುತ್ತಿದ್ದ. ಸತ್ತೆವ್ವ ಬುತ್ತಿ ತರುವಷ್ಟರಲ್ಲಿ ತಗ್ಗು ಮುಚ್ಚಿತ್ತು. "ಗೆದ್ದಲ ಅದಾವ ಇಲ್ಲಿ" ಎಂದ. ಅರ್ಧ ರೊಟ್ಟಿ ಬಿಟ್ಟು ಎದ್ದ. ಬಿಸಿಲಿಗಿರಬೇಕು ಎಂದು ಅವಳು ಸುಮ್ಮನಾಗಿದ್ದಳು.

* * *

ಈಗ ಆ ಅರ್ಧ ರೊಟ್ಟಿ ಅವಳಿಗೆ ನೆನಪಾಯಿತು. ಕಂಡಿದ್ದನೇ? ಕಂಡೂ ಮುಚ್ಚಿದನೇ? ಮುಚ್ಚಿದವನು ಇಲ್ಲೇ ಹುಗಿಯಿರಿ ಎಂದದ್ದು ಯಾಕೆ? ಮೇಲೆ ಸಮಾಧಿ ಬಿದ್ದರೆ ಹೆಂಡತಿಯ ಹೊಲಕ್ಕೆ ಯಾರೂ ಕೈ ಹಚ್ಚಲಾರರು ಎಂದೇ? ಇಲ್ಲಾ, ಮಲಕಾರಿಯ ಕೈಯಿಂದಲೇ ತೋಡಿಸಿ ತೋರಿಸಬೇಕೆಂದೇ? ಅಥವಾ ಪಾಪ, ಬರೀ ನೆರಳಿನ ಆಸೆಯೇ? ಎದ್ದು ಹೇಳು ಎಂದು ಹೆಣದ ಭುಜ ಹಿಡಿದು ಅಲುಗಿಸಬೇಕು ಅನ್ನಿಸಿತು. ಸಿಟ್ಟು ಬಂತು, ಅಳುವೂ ಬಂತು.

"ಹೇಳೂದು ಆಚಾರ, ತಿನ್ನೂದು ಬದನಿಕಾಯಿ!" ಮಲಕಾರಿ ಹಲ್ಲು ಕಡಿದ.

"ಹೆಣಾ ಮುಂದೈತಿ, ಬಾಯಿ ಬಿಗಿ ಹಿಡಿ" ಎಂದ ಮುಜಫ್ಫರ.

"ನಿನಗ ಗೊತ್ತಿತ್ತೇನ?"

"ಖುದಾ ಕಸಮ್, ಗೊತ್ತಿಲ್ಲಪಾ."

ಅಷ್ಟರಲ್ಲಿ ಶೀತಲ್ ಸರ್ ಹಾರ ಹಿಡಿದು ಬದುವಿನ ಮೇಲೆ ಬರುವುದು ಕಂಡಿತು. ಮಲಕಾರಿ ಸರಕ್ಕನೆ ಮೇಲೆ ಹತ್ತಿ, ಹೆಗಲ ಟವೆಲ್ ತೆಗೆದು ಹಸಿರು ಚೂರಿನ ಮೇಲೆ ಹಾಸಿಬಿಟ್ಟ. ಸತ್ತೆವ್ವ ಕಣ್ಣು ಬಿಟ್ಟು ನೋಡಿದಳು.

"ಸತ್ತಾವನ ಹೆಸರ ಕೆಡೂದು ಬ್ಯಾಡ" ಎಂದು ಮಲಕಾರಿ ಪಿಸುಗುಟ್ಟಿದ. "ನಿನಗೂ ಇರೂದ ಇದೊಂದ ಹೊಲಾ. ಸುಮ್ನಿರ ಯಕ್ಕಾ."

ಸರ್ ಹಾರ ಹಾಕಿ ಕೈಮುಗಿದರು. "ಊರಾಗ ಒಂದ ಹೊಲಾನೂ ಬಿಡಲಿಲ್ರಿ ನಿಮ್ಮ ಯಜಮಾನ್ರು. ಅಂಥಾ ಪ್ರಾಮಾಣಿಕ ಮನಿಷ್ಯಾ ಮತ್ತ ಸಿಗಾಂಗಿಲ್ರಿ."

ಮಲಕಾರಿ ನೆಲ ನೋಡಿದ. ಟವೆಲ್ ಅಲ್ಲೇ ಇದ್ದರೆ ಹೊಲವೂ ಉಳಿಯಿತು, ಹೆಸರೂ ಉಳಿಯಿತು ಎಂದು ಸತ್ತೆವ್ವನಿಗೂ ಗೊತ್ತಿತ್ತು. ಆದರೆ ಗಂಡನ ಮಾತು ನಂಬಿ ದಾರಿ ಬಿಟ್ಟವನು ಬರಿ ಹೆಗಲಲ್ಲಿ ಎದುರಿಗೇ ನಿಂತಿದ್ದಾನಲ್ಲ! ಗಂಡನ ಮನಸ್ಸಿನಲ್ಲಿ ಏನಿತ್ತೋ ಸತ್ತೆವ್ವನಿಗೆ ಕಡೆಗೂ ತಿಳಿಯಲಿಲ್ಲ. ಅವಳು ಬಗ್ಗಿ ಟವೆಲ್ ಎತ್ತಿ, ಕೊಡವಿ, ಮಲಕಾರಿಯ ಹೆಗಲಿಗೆ ಹಾಕಿದಳು.

"ಸರ, ಇದೊಂದ ಉಳದೈತ್ರಿ. ಅವರ ಹೆಸರಿಲೆ ಹಾಕ್ರಿ."

ಸರ್ ಕಲ್ಲು ನೋಡಿದರು, ಹೆಣ ನೋಡಿದರು. "ಇವತ್ತ ಬ್ಯಾಡ್ರಿ ಅವ್ವಾರ..."

"ಕುಣಿ ಮುಚ್ಚಿದ ಮ್ಯಾಲ ಎಲ್ಲಿ ಕಾಣತೈತ್ರಿ? ಮುಜಫ್ಫರಣ್ಣಾ, ಫೋಟೋ ಹೊಡಿ."

"ವೈನಿ, ಹೊಲಾ..."

"ಹೊಡಿ ಅಂದ್ನಿ."

ಕುಣಿಯ ಗೋಡೆಯಲ್ಲಿ ಹಸಿರು ಕಲ್ಲು ಬಿಸಿಲಿಗೆ ಹೊಳೆಯುತ್ತಿತ್ತು. "ಕಲ್ಲಿನ ಅಳತಿ ತಿಳೀಬೇಕಲ್ರಿ, ಬಾಜೂಕ ಏನರ ಇಡಬೇಕು" ಎಂದು ಮುಜಫ್ಫರ ಕಿಸೆ ತಡಕಾಡಿದ.

ಸತ್ತೆವ್ವ ಕುಣಿಯ ಅಂಚಿಗೆ ಕುಳಿತು, ಕೈ ಇಳಿಬಿಟ್ಟು ಕಲ್ಲಿನ ಮೇಲೆ ಅಂಗೈ ಊರಿದಳು. ಬೆಳಗ್ಗೆ ಬಳೆ ಒಡೆದ ಮಣಿಕಟ್ಟಿನಲ್ಲಿ ಗಾಜಿನ ಗೀರು ಇನ್ನೂ ಹಸಿಯಾಗಿತ್ತು. ಮುಜಫ್ಫರ ಮೊಬೈಲ್ ಎತ್ತಿದ, ಇಳಿಸಿದ, ಕಣ್ಣೊರೆಸಿಕೊಂಡು ಮತ್ತೆ ಎತ್ತಿದ.

"ಅಲಗಾಡಬ್ಯಾಡ್ರಿ ವೈನಿ" ಎಂದ.