ಗುಲ್ಮವಿಲ್ಲದವನ ಜ್ವರ

ಮಟಮಟ ಮಧ್ಯಾಹ್ನದಲ್ಲಿ ಗಂಡ ಕಂಬಳಿ ಹೊದ್ದು ಗಡಗಡ ನಡುಗುವುದನ್ನು ಕಂಡು ಚನ್ನವ್ವನ ಎದೆ ಧಸಕ್ಕೆಂದಿತು.

"ಏನಿಲ್ಲ, ಜರಾ ಥಂಡಿ ಹತ್ತೇತಿ. ಬೆವರು ಬಿಟ್ರ ಇಳೀತೈತಿ," ಎಂದ ಅಮೋಗಸಿದ್ದ.

ಬೇರೆಯವರ ಜ್ವರವಾಗಿದ್ದರೆ ಇಳಿಯುತ್ತಿತ್ತೇನೋ. ಹೋದ ವರ್ಷ ಟಗರು ಹಾಯ್ದು ಈ ಮಹಾಶಯನ ಹೊಟ್ಟೆಯೊಳಗಿನ ಗುಲ್ಮ, ಅಂದರೆ ಸ್ಪ್ಲೀನ್, ಒಡೆದಿತ್ತು. ಅದನ್ನು ತೆಗೆದು ಜೀವ ಉಳಿಸಿದ್ದರು. ರಕ್ತಕ್ಕೆ ಹೊಕ್ಕ ರೋಗಾಣುಗಳನ್ನು ಹಿಡಿಯುವ ಅಂಗವೇ ಅದು. ಲಸಿಕೆಗಳನ್ನೆಲ್ಲ ಹಾಕಿ, ಗುಳಿಗೆ ಕೊಟ್ಟು, ಜತ್ತ ಪಟ್ಟಣದ ದವಾಖಾನೆಯ ಡಾಕ್ಟರಬಾಯಿ ಬಿಡಿಸಿ ಹೇಳಿದ್ದರು: "ಜ್ವರ ಬಂದ್ರ ಇಳೀತೈತಿ ಅಂತ ಕಾಯಬ್ಯಾಡ್ರಿ. ಈ ಗುಳಿಗಿ ನುಂಗಿ ಆಗಿಂದಾಗ ದವಾಖಾನಿಗೆ ಬರ್ರಿ. ನಾಯಿ ಹಲ್ಲು ತಾಗಿದ್ರೂ ಹಂಗ." ಅವನು ತಲೆಯಾಡಿಸಿದ್ದ. ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರು ತಿಕೋಂಡಿ ಊರಲ್ಲೇ ಇರಲಿಲ್ಲ.

ಚನ್ನವ್ವ ಕಂಬಳಿ ಕಿತ್ತೆಸೆದು, ಆ ಗುಳಿಗೆ ನುಂಗಿಸಿ, ಮೈದುನ ಬೀರುವನ್ನು ಕೂಗಿದಳು. ಅವನು ಟಂಟಂ ಗಾಡಿ ತಂದನೇನೋ ಹೌದು, ಆದರೆ ರಾಗ ಎಳೆದ.

"ಸಂಜಿತನಾ ನೋಡೂಣಲ್ಲ, ವೈನಿ?"

"ಸಂಜೀಕ ನೋಡಾಕ ನಿಮ್ಮಣ್ಣ ಇರಬೇಕಲ್ಲೋ! ಹೊಡಿ ಗಾಡಿ!"

ದಾರಿಯುದ್ದಕ್ಕೂ ಅವಳು ಗಂಡನ ಸುಡುವ ಕೈ ಬಿಡಲಿಲ್ಲ. ಇಷ್ಟು ಹೆದರಿಕೆ ಅವಳಿಗೆ ಟಗರು ಹಾಯ್ದಾಗಲೂ ಆಗಿರಲಿಲ್ಲ.

ಸಲಾಯಿನ್ ಹಚ್ಚಿ, ಇಂಜೆಕ್ಷನ್ ಕೊಡುತ್ತಲೇ ಡಾಕ್ಟರಬಾಯಿ ಕೇಳಿದರು: "ನಾಯಿ ಏನರೆ ಕಚ್ಚೇತೇನ್ರಿ?"

ಅಮೋಗಸಿದ್ದ ಮೇಲೆ ತಿರುಗುವ ಫ್ಯಾನು ನೋಡಿದ. ಅವನ ಹೆಬ್ಬೆರಳಿಗೆ ಭಂಡಾರದ ಅರಿಶಿನ ಮೆತ್ತಿತ್ತು. ಬೀರದೇವರಿಗೆ ಪೂಜೆ ಮಾಡಿರಬೇಕೆಂದು ಚನ್ನವ್ವ ಅಂದುಕೊಂಡಿದ್ದಳು. ನರ್ಸ್ ಅದನ್ನು ತೊಳೆದಾಗ ಕೆಳಗೆ ಹಲ್ಲಿನ ಗುರುತು ಕಂಡಿತು.

"ಮೊನ್ನೆ ನಮ್ಮ ನಾಯಿ ಕಾಲಾಗಿನ ಮುಳ್ಳ ತಗ್ಯಾಕ ಹೋಗಿದ್ದೆ," ಎಂದ. "ಅದಕ್ಕ ಹುಚ್ಚಿನ ಇಂಜೆಕ್ಷನ್ ಹಾಕ್ಸೇವಲ್ರಿ..."

"ಅದು ಹುಚ್ಚಿಗೆ ಆತು. ಜೊಲ್ಲಿನಾಗ ಬ್ಯಾರೆ ರೋಗಾಣು ಇರತಾವ. ಗುಲ್ಮ ಇಲ್ಲದವ್ರಿಗೆ ಅವು ಭಾಳ ಕೆಟ್ಟ."

ಜ್ವರ ಪೂರ್ತಿ ಬಿಡಲು ಮೂರು ದಿನ ಹಿಡಿಯಿತು. "ಲಗೂನ ತಂದ್ರಿ, ಚಲೋ ಆತು. ಇನ್ನ ಅಂಜಬ್ಯಾಡ್ರಿ," ಎಂದರು ಡಾಕ್ಟರಬಾಯಿ. ಚನ್ನವ್ವನಿಗೆ ಹೋದ ಜೀವ ಬಂದಂತಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬೈತಿದ್ದಿ."

"ಬೈಗುಳಕ್ಕ ಅಂಜಿ ಸಾಯಾಕ ಹೊಂಟಿದ್ರೇನು?"

ಅಮೋಗಸಿದ್ದ ಸ್ವಲ್ಪ ಯೋಚಿಸಿದ. "ನೀ ಬೈಯೂದು ಖಾತ್ರಿ ಇತ್ತು. ಸಾಯೂದು ಖಾತ್ರಿ ಇದ್ದಿಲ್ಲ."

ಚನ್ನವ್ವ ನಗುತ್ತಲೇ ಅತ್ತುಬಿಟ್ಟಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ವಾರ್ಡಿನವರೆಲ್ಲ ತಿರುಗಿ ನೋಡುವಂತೆ, ಮನಸಾರೆ ಬೈಯತೊಡಗಿದಳು. ಅವನು ಕಣ್ಣು ಮುಚ್ಚಿ ಹಾಯಾಗಿ ಕೇಳುತ್ತ ಮಲಗಿದ.