ಆಟಿ ತಿಂಗಳ ಅಗ್ರಿಮೆಂಟ್

ಗೋಡೆ ಒರೆಸಬಾರದು ಎಂದು ಯೂಸ್ಟೇಸ್ ಜೂನ್ ತಿಂಗಳಲ್ಲೇ ಹೆಂಡತಿಗೆ ಅಪ್ಪಣೆ ಮಾಡಿದ್ದ. ಪ್ರತಿ ಶನಿವಾರ ಬ್ಲೀಚಿಂಗ್ ಪೌಡರ್ ಕಲಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಲಗುವ ಕೋಣೆಯ ಗೋಡೆ ಉಜ್ಜುವುದು ಮಗ್ದಲೀನಳ ಮಳೆಗಾಲದ ವ್ರತ. ಈ ವರ್ಷ ಆ ವ್ರತಕ್ಕೆ ಭಂಗ ಬಂತು. ಮೊದಲು ಮೂಲೆಯಲ್ಲಿ ಕಪ್ಪು ಚುಕ್ಕಿಗಳು ಕಂಡವು, ಆಮೇಲೆ ಹಸಿರು ಹಬ್ಬಿತು, ಜುಲೈ ಮುಗಿಯುವಷ್ಟರಲ್ಲಿ ಬೂಷ್ಟು ಮಂಚದ ತಲೆಯ ಕಡೆಗೂ ಬಂದು ಮುಟ್ಟಿತು. ಬೇರೆ ಗಂಡಸರು ದನ ಸಾಕುತ್ತಾರೆ, ಗುಲಾಬಿ ಸಾಕುತ್ತಾರೆ. ಯೂಸ್ಟೇಸ್ ಬೂಷ್ಟು ಸಾಕಿದ.

ಹುಚ್ಚು ಹಿಡಿದಿತ್ತೆಂದಲ್ಲ. ಅವನದ್ದೊಂದು ಲೆಕ್ಕಾಚಾರವಿತ್ತು. ಕಂಕನಾಡಿಯ ಈ ನೆಲಮಹಡಿಯ ಫ್ಲ್ಯಾಟಿಗೆ ಅವರು ಬಂದದ್ದು ಎಂಟು ವರ್ಷದ ಹಿಂದೆ, ಒಂದು ಮೇ ತಿಂಗಳಲ್ಲಿ. ಆಗ ಗೋಡೆಗಳು ಹೊಸ ಪೇಂಟಿನಲ್ಲಿ ಮದುಮಗಳ ಹಾಗಿದ್ದವು. ಊರಿನ ಎಲ್ಲ ಬಾಡಿಗೆ ಮನೆಗಳಂತೆ ಇದಕ್ಕೂ ಹನ್ನೊಂದು ತಿಂಗಳ ಅಗ್ರಿಮೆಂಟ್. ಹನ್ನೊಂದೇ ಯಾಕೆ ಎಂದು ಯಾರೂ ಕೇಳುವುದಿಲ್ಲ, ಅದು ಹಾಗೆಯೇ. ಹಾಗಾಗಿ ನವೀಕರಣದ ದಿನ ವರ್ಷಕ್ಕೊಂದು ತಿಂಗಳು ಹಿಂದೆ ಸರಿಯುತ್ತದೆ. ಮೊದಲ ನವೀಕರಣ ಏಪ್ರಿಲಿನಲ್ಲಿ ಬಂತು, ಮುಂದಿನದು ಮಾರ್ಚಿನಲ್ಲಿ, ಆಮೇಲೆ ಫೆಬ್ರವರಿ, ಜನವರಿ. ಮನೆಯ ಯಜಮಾನರು ಮನೆಗೆ ಕಾಲಿಡುವುದು ಸಹಿ ಹಾಕಲಿಕ್ಕೆ ಮಾತ್ರ. ಅವರು ಬಂದಾಗಲೆಲ್ಲ ಗೋಡೆ ಒಣಗಿ, ಏನೂ ಅರಿಯದ ಪಾಪದವರ ಹಾಗೆ ನಿಂತಿರುತ್ತಿತ್ತು.

ಯಜಮಾನರೆಂದರೆ ದೇರೆಬೈಲಿನ ಮಧ್ವರಾಜರು. ಪುರೋಹಿತರ ಮನೆತನ, ತಾವು ಮಾತ್ರ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಒಳ್ಳೆಯವರು, ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಜಗಳವಾದರೂ ಮಾಡಬಹುದಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದರು. "ಗೋಡೆ ಒಣಗಿಯೇ ಉಂಟಲ್ಲ ಪೊರ್ಬುಗಳೇ, ಮಳೆಗಾಲ ಬರಲಿ, ನೋಡುವ" ಎನ್ನುವರು. ಕ್ರಿಸ್ತುವರನ್ನು ಗೌರವದಿಂದ ಕರೆಯುವ ಹಳೆಯ ರೂಢಿಯಂತೆ ಅವರಿಗೆ ಯೂಸ್ಟೇಸ್ ಯಾವಾಗಲೂ ಪೊರ್ಬು, ಮಗ್ದಲೀನ್ ಬಾಯಮ್ಮ. ಯೂಸ್ಟೇಸನಿಗೆ ಅವರು ಭಟ್ಟರು. ಮಳೆಗಾಲ ಬಂದ ಮೇಲೆ ಫೋನ್ ಮಾಡಿದರೆ, "ಮಳೆಯಲ್ಲಿ ಯಾವ ಮೇಸ್ತ್ರಿ ಕೆಲಸ ಮಾಡ್ತಾನೆ? ಮಳೆ ಬಿಡಲಿ" ಎನ್ನುವರು. ಫೋಟೋ ಕಳಿಸಿದರೆ ಕೈಮುಗಿದ ಚಿತ್ರ ಬರುತ್ತಿತ್ತು. "ಫೋಟೋದಲ್ಲಿ ಎಂತ ಗೊತ್ತಾಗ್ತದೆ? ಖುದ್ದು ಬಂದು ನೋಡ್ತೇನೆ."

ಯೂಸ್ಟೇಸ್ ಬಸ್ ಕಂಪೆನಿಯೊಂದರಲ್ಲಿ ಟೈಮ್ ಕೀಪರ್ ಆಗಿದ್ದವನು. ತಡವಾದರೂ ಬಸ್ಸು ಬಂದೇ ಬರುತ್ತದೆಂದು ನಂಬಿ ಬದುಕಿದವನು. ಪ್ರತಿ ವರ್ಷ ಒಂದೊಂದು ತಿಂಗಳು ಹಿಂದೆ ಸರಿಯುವ ನವೀಕರಣ ಒಂದಲ್ಲ ಒಂದು ದಿನ ಮಳೆಗಾಲಕ್ಕೆ ಬಂದು ನಿಲ್ಲಲೇಬೇಕೆಂದು ಅವನಿಗೆ ಗೊತ್ತಿತ್ತು. ಕಳೆದ ಸಲ ಸೆಪ್ಟೆಂಬರಿಗೆ ಬಂದಿತ್ತು. ಆದರೆ ಹಣೆಬರಹ ನೋಡಿ, ಆ ವಾರವಿಡೀ ಸುಡುಬಿಸಿಲು. ಮಧ್ವರಾಜರು ಬರುವ ಹೊತ್ತಿಗೆ ಗೋಡೆ ಹಪ್ಪಳವಾಗಿತ್ತು. ಈ ಸಲ ಆಗಸ್ಟ್, ತುಳುವರ ಆಟಿ ತಿಂಗಳು. ಆಟಿಯ ಮಳೆ ಯಾರ ಮುಲಾಜಿಗೂ ನಿಲ್ಲುವುದಿಲ್ಲ.

"ಈ ಸಲ ನಾನು ಬಾಯಿ ಬಿಡುವುದೇ ಬೇಡ. ಗೋಡೆಯೇ ಮಾತಾಡ್ತದೆ" ಎಂದಿದ್ದ ಹೆಂಡತಿಗೆ.

"ಅಷ್ಟರವರೆಗೆ ನಾನು ಇರಬೇಕಲ್ಲ" ಎಂದಿದ್ದಳು ಮಗ್ದಲೀನ್. ನಗುತ್ತಲೇ ಹೇಳಿದ್ದಳು, ನಗು ಕೆಮ್ಮಿನಲ್ಲಿ ಮುಗಿದಿತ್ತು.

ಅವಳ ಶ್ವಾಸ ಹದಗೆಡುತ್ತ ಬಂದು ಮೂರು ಮಳೆಗಾಲವಾಗಿತ್ತು. "ಗೋಡೆ ಸರಿಮಾಡಿ, ಇಲ್ಲ ಮನೆ ಬದಲಿಸಿ. ನನ್ನ ಮದ್ದು ಆಮೇಲೆ" ಎಂದಿದ್ದರು ಡಾಕ್ಟರಮ್ಮ. ಮನೆ ಬದಲಿಸುವುದೆಂದರೆ ಅಂಗಿ ಬದಲಿಸಿದಷ್ಟು ಸುಲಭವೇ? ಯೂಸ್ಟೇಸ್ ಹುಡುಕದೆ ಬಿಟ್ಟಿರಲಿಲ್ಲ. ಅವರ ಕೈಗೆಟುಕುವ ಬಾಡಿಗೆಯ ಮನೆಗಳೆಲ್ಲ ಲಿಫ್ಟಿಲ್ಲದ ಮೂರನೆಯ ಮಹಡಿಯಲ್ಲಿದ್ದವು. ಮಗ್ದಲೀನಳಿಗೆ ಇಗರ್ಜಿಯ ಮೆಟ್ಟಿಲು ಹತ್ತುವುದೇ ದೊಡ್ಡ ಯಾತ್ರೆ. ನೆಲಮಹಡಿಯ ಒಂದೆರಡು ಮನೆ ಸಿಕ್ಕಿದರೂ ಒಬ್ಬರು ಮೀನು ಮಾಂಸ ಆಗುವುದಿಲ್ಲ ಎಂದರು. ಇನ್ನೊಬ್ಬರು ಮಕ್ಕಳೆಷ್ಟು ಎಂದು ಕೇಳಿದರು. ಇಲ್ಲ ಎಂದಾಗ, ನಾಳೆ ಹೆಚ್ಚುಕಡಿಮೆಯಾದರೆ ನಿಮ್ಮನ್ನು ನೋಡುವವರು ಯಾರು ಎಂದು ಕೇಳಿ ಬಾಗಿಲು ಮುಚ್ಚಿದರು. ಇಲ್ಲಿ ಬಾಡಿಗೆ ಹಳೆಯದು, ಆಸ್ಪತ್ರೆ ಕೂಗಳತೆಯಲ್ಲಿದೆ, ಹತ್ತಬೇಕಾದ ಮೆಟ್ಟಿಲು ಒಂದೇ. ಗೋಡೆಯೊಂದು ಸರಿಯಾದರೆ ಅವಳು ಉಳಿಯುತ್ತಾಳೆ, ಇದಕ್ಕಿಂತ ಹೆಚ್ಚೇನನ್ನೂ ಅವನು ದೇವರ ಹತ್ತಿರವೂ ಕೇಳುತ್ತಿರಲಿಲ್ಲ.

ಜುಲೈಯಲ್ಲಿ ಅವಳ ಹಾಸಿಗೆಯನ್ನು ಹಾಲಿಗೆ ತಂದು ಹಾಕಿದ. ಆದರೆ ಮನೆ ಇದ್ದದ್ದೇ ಅಂಗೈಯಗಲ, ಬೂಷ್ಟಿನ ವಾಸನೆ ಹಾಲಿಗೂ ಬರುತ್ತಿತ್ತು. ಅವಳು ಕೂತುಕೊಂಡೇ ನಿದ್ದೆ ಮಾಡುವುದನ್ನು ನೋಡಿದಾಗ, ಎದ್ದುಹೋಗಿ ಗೋಡೆ ಉಜ್ಜಿಬಿಡುವ ಅನ್ನಿಸುತ್ತಿತ್ತು. ಸಾಕ್ಷಿಗೋಸ್ಕರ ಹೆಂಡತಿಯ ಉಸಿರು ಕಟ್ಟಿಸುತ್ತಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಉಜ್ಜಲಿಲ್ಲ. ಇನ್ನು ನಾಲ್ಕು ವಾರ, ಇನ್ನು ಮೂರು ವಾರ ಎಂದು ತನಗೆ ತಾನೇ ಹೇಳಿಕೊಂಡ.

ಆಟಿಯಲ್ಲಿ ಭಟ್ಟರು ಬರುತ್ತಾರೋ ಇಲ್ಲವೋ ಎಂಬ ಅಳುಕೊಂದಿತ್ತು. ಒಳ್ಳೆಯ ಕೆಲಸಕ್ಕೆ ಆಟಿಯಲ್ಲಿ ಯಾರೂ ಕೈಹಾಕುವುದಿಲ್ಲ. ಫೋನ್ ಮಾಡಿದಾಗ ಮಧ್ವರಾಜರು ನಕ್ಕರು. "ಬಾಡಿಗೆ ಅಗ್ರಿಮೆಂಟ್ ಎಂತ ಮದುವೆಯಾ ಮಾರಾಯ್ರೆ? ಬರ್ತೇನೆ."

ಬಂದರು. ಧೋ ಎಂದು ಸುರಿಯುವ ಮಳೆಯಲ್ಲೇ ಬಂದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ತಮ್ಮ ಹಿತ್ತಿಲ ಕದಳಿ ಬಾಳೆಹಣ್ಣಿನ ಚೀಲ. "ದಾನೆ ಪೊರ್ಬುಲೇ, ಸೌಖ್ಯನಾ?" ಕುಶಲ ಮಾತಾಡುವುದು ತುಳುವಿನಲ್ಲಿ, ವ್ಯವಹಾರದ ಮಾತು ಕನ್ನಡದಲ್ಲಿ, ಇದು ಅವರಿಬ್ಬರ ನಡುವಿನ ಹಳೆಯ ಪದ್ಧತಿ. ಮಗ್ದಲೀನ್ ಚಹಾ ತಂದಿಟ್ಟಳು. ಮಧ್ವರಾಜರು ಕ್ರಿಸ್ತುವರ ಮನೆಯ ಚಹಾ ಕುಡಿಯುತ್ತಾರೆ. ಆ ವಿಷಯದಲ್ಲಿ ಅವರದ್ದು ದೊಡ್ಡ ಮನಸ್ಸು, ದೊಡ್ಡದೆಂದು ಅವರಿಗೂ ಗೊತ್ತುಂಟು.

"ಚಹಾ ಆಮೇಲೆ ಭಟ್ರೇ. ಮೊದಲು ಕೋಣೆ ನೋಡಿ" ಎಂದ ಯೂಸ್ಟೇಸ್. ಮಗಳ ಮದುವೆಗೆ ಕರೆಯುವಷ್ಟು ಉತ್ಸಾಹ ಅವನ ದನಿಯಲ್ಲಿತ್ತು.

ಮಧ್ವರಾಜರು ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹತ್ತಿರ ಹೋಗಿ ಒಂದು ಬೆರಳಿನಿಂದ ಗೋಡೆ ಮುಟ್ಟಿದರು. ಬೆರಳು ತೇವದಲ್ಲಿ ಹೂತುಹೋಯಿತು. ಮೇಲಿನಿಂದ ಇಳಿದು ಬರುತ್ತಿದ್ದ ನೀರಿನ ಗೆರೆಯನ್ನು ಕಣ್ಣಿನಲ್ಲೇ ಹಿಂಬಾಲಿಸಿ ನೆಲದವರೆಗೆ ಬಂದರು. ಯೂಸ್ಟೇಸ್ ಎಂಟು ವರ್ಷ ಕಾದ ಬಸ್ಸು ಕಡೆಗೂ ಬಂದು ಎದುರಿಗೇ ನಿಂತಿತ್ತು.

"ನೀವು ಹೇಳಿದ್ದು ನೂರಕ್ಕೆ ನೂರು ಸರಿ ಪೊರ್ಬುಗಳೇ" ಎಂದರು ಮಧ್ವರಾಜರು. "ಇಷ್ಟು ಉಂಟು ಅಂತ ನಾನು ಎಣಿಸಿರಲಿಲ್ಲ. ಛೆ! ಇದು ಮನುಷ್ಯರು ಇರುವ ಕೋಣೆಯಾ?"

ಯೂಸ್ಟೇಸ್ ಬಾಗಿಲಾಚೆ ನಿಂತಿದ್ದ ಮಗ್ದಲೀನಳ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿದ.

"ಇನ್ನು ನಿಮ್ಮನ್ನು ಇದರಲ್ಲಿ ಇಡುವುದು ಪಾಪ" ಎಂದು ಮಧ್ವರಾಜರು ಮುಂದುವರಿಸಿದರು. "ನಾಳೆ ಬಾಯಮ್ಮನಿಗೆ ಎಂತಾದರೂ ಆದರೆ ನಾನು ಯಾವ ದೇವರ ಮುಂದೆ ಹೋಗಿ ನಿಲ್ಲುವುದು? ಅಗ್ರಿಮೆಂಟ್ ಬೇಡ. ನೀವು ಬೇರೆ ಮನೆ ನೋಡಿಕೊಳ್ಳಿ. ಅವಸರ ಇಲ್ಲ, ದೀಪಾವಳಿವರೆಗೆ ಇರಿ."

ಹೊರಗೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು.

"ಅಲ್ಲ ಭಟ್ರೇ... ನಾನು ಹೇಳಿದ್ದು ರಿಪೇರಿಗೆ. ನಾವು ಇರುವಾಗಲೇ ಒಂದು ಬದಿಯಿಂದ ಮಾಡಿದರೆ..."

"ಹಾಗೆ ಆಗುವುದಿಲ್ಲ. ಹೊರಗಿನ ಗೋಡೆ ಕೆತ್ತಬೇಕು, ಒಳಗಿನ ಪ್ಲಾಸ್ಟರ್ ಪೂರ್ತಿ ತೆಗೆಯಬೇಕು. ಆ ಧೂಳಿನಲ್ಲಿ ಬಾಯಮ್ಮ ಇರುವುದುಂಟಾ?"

"ಮತ್ತೆ ಎಲ್ಲ ಸರಿಯಾದ ಮೇಲೆ ನಾವು ವಾಪಸ್ ಬರಬಹುದಲ್ಲ?"

ಮಧ್ವರಾಜರು ಸುಳ್ಳು ಹೇಳುವವರಲ್ಲ. ಗೋಡೆಯ ಕಡೆಗೇ ನೋಡುತ್ತ, "ಆತ್ರೇಯ ಮೊದಲಿನಿಂದ ಹೇಳ್ತಾ ಇದ್ದಾನೆ" ಎಂದರು. ಆತ್ರೇಯ ಅವರ ಮಗ. "ರಿಪೇರಿ ಮಾಡುವುದಾದರೆ ಆಮೇಲೆ ನರ್ಸಿಂಗ್ ಕಲಿಯುವ ಮಕ್ಕಳಿಗೆ ಕೊಡುವ, ಕೋಣೆಗೆ ನಾಲ್ಕು ಜನ ಇರ್ತಾರೆ ಅಂತ. ನಾನೇ ತಡೆದು ಇಟ್ಟದ್ದು. ಪೊರ್ಬುಗಳು ಇದ್ದಾರೆ, ಸದ್ಯಕ್ಕೆ ರಿಪೇರಿ ಬೇಡ ಅಂತ."

ಅಂದರೆ ಇಷ್ಟು ವರ್ಷ ಅವರನ್ನು ಈ ಮನೆಯಲ್ಲಿ ಉಳಿಸಿದ್ದು ಈ ಹಾಳು ಗೋಡೆಯೇ. ಯೂಸ್ಟೇಸ್ ಕೈಯಾರೆ ಸಾಕಿ ಬೆಳೆಸಿದ ಸಾಕ್ಷಿ ತಿರುಗಿ ಅವನ ಕುತ್ತಿಗೆಗೇ ಬಂದಿತ್ತು. ಕಣ್ಣ ಮುಂದೆ ಮೂರನೆಯ ಮಹಡಿಯ ಮೆಟ್ಟಿಲುಗಳು, ಅವುಗಳ ನಡುವೆ ಕಂಬಿ ಹಿಡಿದು ಕೂತ ಮಗ್ದಲೀನ್ ಕಂಡುಬಿಟ್ಟಳು. ಅವನಿಗೆ ನಿಜವಾಗಿ ಭಯವಾಯಿತು.

ಹೆಗಲ ಮೇಲಿನ ಬೈರಾಸು ತೆಗೆದು ಗೋಡೆಗೆ ಒತ್ತಿದ.

"ಇದು ಅಷ್ಟೇನೂ ಇಲ್ಲ ಭಟ್ರೇ. ನಾವು ಒರೆಸದೆ ಬಿಟ್ಟದ್ದು, ಹಾಗೆ ಕಾಣ್ತದೆ. ನನ್ನದೇ ಉದಾಸೀನ. ನೋಡಿ, ಒರೆಸಿದರೆ ಹೋಗ್ತದೆ. ನೋಡಿ!" ಭರಭರನೆ ಉಜ್ಜಿದ. ಹಸಿರು ಹೋಯಿತು, ಹಸಿರಿನ ಜೊತೆ ಅಂಗೈಯಗಲದ ಗಾರೆಯೂ ಕಳಚಿ ಕೆಳಗೆ ಬಿತ್ತು. ಯೂಸ್ಟೇಸ್ ಅದರ ಮೇಲೆ ಕಾಲಿಟ್ಟು ನಿಂತ. "ಮಳೆಗಾಲದಲ್ಲಿ ಎಲ್ಲರ ಮನೆಯಲ್ಲೂ ಇದು ಇದ್ದದ್ದೇ. ಕದ್ರಿಯ ದೊಡ್ಡ ದೊಡ್ಡ ಬಂಗಲೆಗಳಲ್ಲೂ ಉಂಟು."

"ಆದರೆ ನೀವೇ ಅಲ್ಲವಾ ಪ್ರತಿ ವರ್ಷ..."

"ನನಗೆ ಬೇರೆ ಕೆಲಸ ಇಲ್ಲದೆ ಹೇಳಿದ್ದು ಭಟ್ರೇ. ರಿಟಾಯರ್ ಆದವನು. ಇನ್ನು ಹೇಳುವುದಿಲ್ಲ. ಬೇಕಾದರೆ ಅಗ್ರಿಮೆಂಟಿನಲ್ಲೇ ಬರೆಯಿರಿ. ಗೋಡೆಯ ಬಗ್ಗೆ ಬಾಡಿಗೆದಾರರ ದೂರು ಏನೂ ಇಲ್ಲ, ಮನೆ ವಾಸಕ್ಕೆ ಯೋಗ್ಯ ಉಂಟು ಅಂತ ಬರೆಯಿರಿ. ನಾನು ಸಹಿ ಹಾಕ್ತೇನೆ."

ಮಧ್ವರಾಜರು ಯೋಚಿಸಿದರು. ಪಾಪಕ್ಕೆ ಹೆದರುವ ಮನುಷ್ಯನಿಗೆ ಆ ಪಾಪವನ್ನು ಬೇರೊಬ್ಬ ತಾನಾಗಿ ಹೊತ್ತುಕೊಳ್ಳುತ್ತೇನೆಂದರೆ ಹಗುರವೆನಿಸದೆ ಇರುತ್ತದೆಯೇ? ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ. ಹಾಲಿಗೆ ಬಂದು ಕುಳಿತು, ಮಗ್ದಲೀನಳ ಕಡೆ ತಿರುಗಿದರು.

"ಬಾಯಮ್ಮ, ನೀವು ಹೇಳಿ. ಪೊರ್ಬುಗಳ ಮಾತು ಬಿಡಿ. ನಿಮಗೆ ಉಸಿರಾಟಕ್ಕೆ ಎಂತ ತೊಂದರೆ ಇಲ್ಲವಾ?"

ಮಗ್ದಲೀನಳ ಎದೆಯಲ್ಲಿ ಕೆಮ್ಮು ಏಳುತ್ತಿರುವುದು ಯೂಸ್ಟೇಸನಿಗೆ ಕಾಣುತ್ತಿತ್ತು. ನಲವತ್ತು ವರ್ಷ ಒಟ್ಟಿಗೆ ಬದುಕಿದವನಿಗೆ ಅವಳ ಹೆಗಲು ನೋಡಿದರೆ ಸಾಕು. ಅವಳು ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಮುಖ ತುಂಬ ನಕ್ಕಳು.

"ಎಂತ ಇಲ್ಲ ಭಟ್ರೇ. ಆರಾಮ ಇದ್ದೇನೆ." ಅಷ್ಟು ಹೇಳಿ ಎದ್ದಳು. "ಒಂದು ನಿಮಿಷ, ಒಳಗೆ ಸ್ವಲ್ಪ ಕೆಲಸ ಉಂಟು."

ಅಡುಗೆಮನೆಯ ಬಾಗಿಲು ಮುಚ್ಚಿತು. ಮರುಕ್ಷಣ ಮಿಕ್ಸಿ ಶುರುವಾಯಿತು. ಗರ್‍ರೆಂದು ಮನೆಯೆಲ್ಲ ತುಂಬುವ ಸದ್ದು. ಅದು ನಿಂತಿತು, ಮತ್ತೆ ಹೊರಟಿತು, ಹೊರಟದ್ದು ನಿಲ್ಲಲೇ ಇಲ್ಲ.

"ಬಾಯಮ್ಮ ಎಂತದೋ ಜೋರು ಕಡೆಯುತ್ತಿದ್ದಾರೆ" ಎಂದರು ಮಧ್ವರಾಜರು ಚಹಾ ಕುಡಿಯುತ್ತ.

"ಹೌದು, ಮೀನಿನ ಸಾರಿಗೆ ಮಸಾಲೆ ಇರಬೇಕು" ಎಂದ ಯೂಸ್ಟೇಸ್. ಒಳಗೆ ತೆಂಗಿನಕಾಯಿ ಇಲ್ಲ, ಮೆಣಸು ನೆನೆ ಹಾಕಿಲ್ಲ, ಬಿಡದೆ ಸುರಿಯುವ ಮಳೆಗೆ ಮೀನಂತೂ ಮನೆಗೆ ಬಂದೇ ಇಲ್ಲ. ತಿರುಗುತ್ತಿರುವುದು ಖಾಲಿ ಜಾರು ಎಂದು ಅವನಿಗೆ ಸದ್ದಿನಲ್ಲೇ ಗೊತ್ತಾಗಿತ್ತು.

ಮಧ್ವರಾಜರು ಟೈಪ್ ಮಾಡಿಸಿ ತಂದಿದ್ದ ಕಾಗದದ ಕೆಳಗೆ ತಮ್ಮ ದುಂಡು ಅಕ್ಷರದಲ್ಲಿ ಒಂದು ಸಾಲು ಸೇರಿಸಿ, ಓದಿ ಹೇಳಿದರು. ಮಿಕ್ಸಿಯ ಸದ್ದಿಗೆ ಅರ್ಧ ಕೇಳಿಸಲಿಲ್ಲ. ಯೂಸ್ಟೇಸ್ ಸಹಿ ಹಾಕಿದ. ಹಸಿರು ಮೆತ್ತಿದ್ದ ಬೆರಳು ಕಾಗದದ ಅಂಚಿಗೆ ತಾಗಿ ಗುರುತು ಬಿತ್ತು. ಮಧ್ವರಾಜರು ಅದನ್ನು ನೋಡಿಯೂ ನೋಡದವರಂತೆ ಮಡಚಿ ಚೀಲಕ್ಕೆ ಹಾಕಿದರು. "ಬಾಡಿಗೆ ಮೊದಲಿನದ್ದೇ ಇರಲಿ" ಎಂದು ಬಾಗಿಲಲ್ಲಿ ನಿಂತು ಹೇಳಿದರು. ಒಳ್ಳೆಯವರೆಂದು ಮೊದಲೇ ಹೇಳಿದೆನಲ್ಲ.

ಗೇಟಿನ ಸದ್ದು ಕೇಳಿದ ಮೇಲೆ ಯೂಸ್ಟೇಸ್ ಅಡುಗೆಮನೆಯ ಬಾಗಿಲು ತೆರೆದ. ಮಗ್ದಲೀನ್ ಒಂದು ಕೈಯನ್ನು ಮಿಕ್ಸಿಯ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಸೆರಗನ್ನು ಬಾಯಿಗೆ ತುರುಕಿಕೊಂಡು, ಕಟ್ಟೆಗೆ ಬಾಗಿ ನಿಂತಿದ್ದಳು. ತುಟಿ ಕಪ್ಪಿಟ್ಟಿತ್ತು. ಅವನು ಓಡಿಹೋಗಿ ಇನ್‌ಹೇಲರ್ ತಂದು ಬಾಯಿಗೆ ಹಿಡಿದ, ಬೆನ್ನು ನೀವಿದ. "ನನ್ನದು ತಪ್ಪಾಯಿತು ಮಗ್ಗಿ, ನನ್ನದು ತಪ್ಪಾಯಿತು" ಎಂದ. ಅವಳು ಉಸಿರು ಹದಕ್ಕೆ ಬಂದ ಮೇಲೆ ಮೊದಲು ಮಿಕ್ಸಿಯ ಸ್ವಿಚ್ ಆರಿಸಿದಳು.

"ಇನ್ನಾದರೂ ಒರೆಸಬಹುದಲ್ಲ ಗೋಡೆ?"

"ನಾನು ಒರೆಸ್ತೇನೆ. ನೀನು ಹೊರಗೆ ಕೂತುಕೋ."

ಅವಳು ಮೂಲೆಯಲ್ಲಿದ್ದ ಬಕೆಟ್ ಮತ್ತು ಬ್ರಶ್ ಅವನ ಕೈಗೆ ಕೊಟ್ಟಳು. ಬ್ಲೀಚಿಂಗ್ ಪೌಡರಿನ ಡಬ್ಬಿ ಎಲ್ಲಿದೆಯೆಂದು ತೋರಿಸಿದಳು. ಆಮೇಲೆ ಬೆರಳು ಮಡಚಿ ಏನೋ ಎಣಿಸಿದಳು.

"ಮುಂದಿನ ಅಗ್ರಿಮೆಂಟ್ ಜುಲೈಯಲ್ಲಿ ಅಲ್ಲವಾ?" ಎಂದಳು. "ಅದರ ಮುಂದಿನದು ಜೂನಿಗೆ. ಎರಡೂ ಮಳೆಯಲ್ಲೇ. ಅವರು ಬರುವ ಮೊದಲೇ ಒರೆಸಿ, ನಾವೇ ಒಂದು ಕೋಟ್ ಪೇಂಟ್ ಹೊಡೆದು ಇಡಬೇಕು. ಕಾಣಬಾರದು."