ಬೋರ್ಡು ಸಿಗುತ್ತಿಲ್ಲ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ನನಗೆ ಗೊತ್ತಿರುವುದು ಒಂದೇ ದಾರಿ: ಕಾಲ ಹೇಳಿ, ಕೆಲಸ ಹೇಳಿ, ಆಮೇಲೆ ಮನುಷ್ಯರನ್ನು ಕರೆಯುವುದು. ಹಾಗಾಗಿ: ಶ್ರಾವಣ. ಭದ್ರಾ ನಾಲೆಗೆ ನೀರು ಬಿಟ್ಟಿದ್ದರು. ಲೋಕಿಕೆರೆಯ ಗದ್ದೆಗಳಲ್ಲಿ ನಾಟಿ ನಡೆದಿತ್ತು...

"ನಾನು ಗದ್ದೆಯಾಗೆ ಇಲ್ರಿ," ಎಂದಳು ಲತಾ. "ಗುತ್ತೂರಿನ ಶೆಡ್ಡಿನಾಗೆ ಅದೀನಿ. ಹನ್ನೊಂದು ಗಂಟೆ ಆಗೈತೆ. ಲಗೂನ ಬರ್ರಿ."

(ಪಾತ್ರಗಳೇ ಲೇಖಕನನ್ನು ಕರೆಯುವ ಕಾಲ. ನಾಟಿಯನ್ನು ಹೊಡೆದು ಹಾಕಿದೆ.)

೨
ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿಯ ಹದ ನೋಡುವ ಪೆಟ್ಟಿಗೆಗಳು ಈ ಶೆಡ್ಡಿನಲ್ಲಿ ತಯಾರಾಗುತ್ತವೆ. ಎರಡು ವರ್ಷ ಅವನ್ನು ಪ್ಯಾಕ್ ಮಾಡಿದ ಲತಾ ಇವತ್ತು ಮೊದಲ ಸಲ ಪ್ರೋಗ್ರಾಂ ಟೇಬಲ್ಲಿಗೆ ಕೂತಿದ್ದಾಳೆ. ಮಾಲೀಕ ಅಬ್ದುಲ್ ರಹೀಮ್ ಸಾಹೇಬರು ಖಡಾಖಂಡಿತ ಹೇಳಿದ್ದಾರೆ: ಊಟದ ಬೆಲ್ಲು ಹೊಡೆಯುವುದರೊಳಗೆ ಪೆಟ್ಟಿಗೆಯ ಸರ್ಕ್ಯೂಟ್ ಬೋರ್ಡಿಗೆ ಪ್ರೋಗ್ರಾಂ ಇಳಿದರೆ ಟೇಬಲ್ಲು ಅವಳದು, ಇಲ್ಲವಾದರೆ ಮತ್ತೆ ರಟ್ಟಿನ ಡಬ್ಬಿ.

ಲ್ಯಾಪ್‌ಟಾಪಿನಿಂದ ಬೋರ್ಡಿಗೆ ಪ್ರೋಗ್ರಾಂ ಇಳಿಸುವುದು ಪ್ರೋಬ್ ಎಂಬ ಬೆರಳುದ್ದದ ಸಾಧನ. ಲತಾ ಬಟನ್ ಒತ್ತಿದಳು. ಟಾರ್ಗೆಟ್ ನಾಟ್ ಫೌಂಡ್, ಬೋರ್ಡು ಸಿಗುತ್ತಿಲ್ಲ, ಎಂದಿತು ಪರದೆ. ಬೋರ್ಡು ಅವಳ ಮೊಣಕೈ ಪಕ್ಕದಲ್ಲೇ, ಬೇರೆ ಅಡಾಪ್ಟರಿನ ಕರೆಂಟು ಕುಡಿದು ದೀಪ ಮಿಣುಕಿಸುತ್ತ ಕೂತಿತ್ತು.

೩
ಯುಎಸ್‌ಬಿ ಕೇಬಲ್ ಬದಲಿಸಿದಳು. ಪ್ರೋಬಿನ ಡ್ರೈವರ್ ಸಾಫ್ಟ್‌ವೇರನ್ನು ಎರಡು ಸಲ ಹಾಕಿದಳು. ಸ್ಪೀಡ್ ಇಳಿಸಿದಳು. ಸಾಹೇಬರು ಬಂದು ಸಾಕೆಟ್ಟಿಗೆ ಉಫ್ ಎಂದು ಊದಿ ಹೋದರು. ಪ್ಯಾಕಿಂಗಿನ ಪುಟ್ಟಕ್ಕ ಬೋರ್ಡಿಗೆ ನಿಂಬೆಹಣ್ಣು ನಿವಾಳಿಸಿ, ಯಾವುದಕ್ಕೂ ಇರಲಿ ಎಂದು ಲ್ಯಾಪ್‌ಟಾಪಿಗೂ ಒಂದು ಸುತ್ತು ಹಾಕಿದಳು.

ಟಾರ್ಗೆಟ್ ನಾಟ್ ಫೌಂಡ್.

ಆಗ ನಾನು ಲೇಖಕನ ಅಧಿಕಾರ ಚಲಾಯಿಸಿ, 'ಬೋರ್ಡು ಸಿಕ್ಕಿತು' ಎಂದು ಬರೆದೆ.

ಟಾರ್ಗೆಟ್ ನಾಟ್ ಫೌಂಡ್.

ದಪ್ಪಕ್ಷರದಲ್ಲಿ ಬರೆದೆ. ಊಹೂಂ. ಹುಬ್ಬಳ್ಳಿಯಿಂದ ಒಬ್ಬ ಇಂಜಿನಿಯರನ್ನು ಕರೆಸಲೇ, ಹರಿಹರದ ಸೇತುವೆವರೆಗೆ ಬಂದೇ ಬಿಟ್ಟಿದ್ದಾನೆ ಎಂದೆ.

"ಬ್ಯಾಡ್ರಿ," ಎಂದಳು ಲತಾ. "ನೀವು ಸುಮ್ನೆ ಕೂಡ್ರಿ. ನಾನು ವೈರ್ ಎಣಸ್ತೀನಿ."

೫
(ನಾಲ್ಕರಲ್ಲಿ ಮತ್ತೆ ಗದ್ದೆ ಬಂತು. ಹರಿದು ಹಾಕಿದೆ.)

ಪ್ರೋಬಿನಿಂದ ಹೊರಟದ್ದು ನಾಲ್ಕು ವೈರು. ಬೋರ್ಡಿಗೆ ಮುಟ್ಟಿದ್ದು ಮೂರು. ನಾಲ್ಕನೆಯ ಕರಿ ವೈರನ್ನು ಯಾರೋ ಹಿಂದಕ್ಕೆ ಮಡಚಿ, ರುಮಾಲಿನಷ್ಟು ಅಚ್ಚುಕಟ್ಟಾಗಿ ಟೇಪು ಸುತ್ತಿದ್ದರು. ಅದು ಗ್ರೌಂಡ್ ವೈರು, ಮೋಟರಿನವರ ಭಾಷೆಯಲ್ಲಿ ಅರ್ಥಿಂಗ್. ಅದಿಲ್ಲದೆ ಪ್ರೋಬಿನ ಮಾತು ಬೋರ್ಡಿಗೆ ತಿಳಿಯದು.

ಆ ಸುತ್ತು ಯಾರದೆಂದು ಲತಾಗೆ ಗೊತ್ತು. ಉಚ್ಚೆಂಗಪ್ಪ ಮೂವತ್ತು ವರ್ಷ ಲೋಕಿಕೆರೆಯ ಪಂಪ್‌ಸೆಟ್ಟುಗಳಿಗೆ ವೈರಿಂಗ್ ಮಾಡಿದವನು. ಅರ್ಥಿಂಗ್ ಕೊಟ್ಟರೆ ಸುಮ್ಮಸುಮ್ಮನೆ ಟ್ರಿಪ್ ಆಗಿ ನಿಲ್ಲುತ್ತದೆಂದು ಪ್ರತಿ ಮೋಟರಿನಲ್ಲೂ ಆ ವೈರನ್ನು ಮಡಚಿ ಟೇಪು ಸುತ್ತಿದವನು. ಈಗ ಇದೇ ಶೆಡ್ಡಿನಲ್ಲಿ ಕೆಲಸಕ್ಕಿರುವ ಅವನು ನಿನ್ನೆ ಈ ಕೇಬಲ್ಲನ್ನೂ ಹಾಗೇ ಕಟ್ಟಿಕೊಟ್ಟಿದ್ದಾನೆ. ಲತಾಳ ಕೈಗೆ ಮೊದಲು ಸೋಲ್ಡರಿಂಗ್ ಐರನ್ ಕೊಟ್ಟು ಬೆಸುಗೆ ಕಲಿಸಿದವನೂ ಅವನೇ. ಇನ್ನೊಂದು ತಪ್ಪಾದರೆ ಮನೆಗೆ ಹೋಗು ಎಂದು ಸಾಹೇಬರು ಹೇಳಿರುವುದೂ ಅವನಿಗೇ.

ಲತಾ ಟೇಪು ಬಿಚ್ಚಿ ವೈರು ಸಿಕ್ಕಿಸಿದಳು. ಬೋರ್ಡು ಸಿಕ್ಕಿತು. ಪ್ರೋಗ್ರಾಂ ಇಳಿಯಿತು.

"ಏನಾಗಿತ್ತಮ್ಮ?" ಎಂದರು ಸಾಹೇಬರು. "ಕಾರಣ ಹೇಳಕ್ಕೆ ಬರದೇ ಇರೋರಿಗೆ ಈ ಟೇಬಲ್ ಇಲ್ಲ."

೬
ಅಂತ್ಯ ಒಂದು: ಲತಾ ನಿಜ ಹೇಳುತ್ತಾಳೆ. ಉಚ್ಚೆಂಗಪ್ಪ ಬುತ್ತಿ ಎತ್ತಿಕೊಂಡು ಬಸ್ ಸ್ಟಾಪಿಗೆ ನಡೆಯುತ್ತಾನೆ.

ಎರಡು: ತಪ್ಪು ನನ್ನದೇ ಎನ್ನುತ್ತಾಳೆ. ರಟ್ಟಿನ ಡಬ್ಬಿ.

ಮೂರು: ನಿಂಬೆಹಣ್ಣಿನ ಮಹಿಮೆ. (ಪುಟ್ಟಕ್ಕನ ಓಟು ಇದಕ್ಕೆ.)

ಯಾವುದು ಎಂಬಂತೆ ಲತಾ ನನ್ನತ್ತ ನೋಡಿದಳು. ನಾನು ಪೆನ್ನಿನ ಮುಚ್ಚಳ ಹುಡುಕತೊಡಗಿದೆ.

ಅಷ್ಟರಲ್ಲಿ ಸಾಹೇಬರ ಹಿಂದೆ ಬಂದು ನಿಂತಿದ್ದ ಉಚ್ಚೆಂಗಪ್ಪ, ಅವಳ ಅಂಗೈಯಲ್ಲಿದ್ದ ಬಿಚ್ಚಿದ ಟೇಪಿನ ಸುರುಳಿಯನ್ನು ಕಂಡ.

"ಹೇಳವ್ವ," ಎಂದ.

ಅದು ನಾನು ಬರೆದ ಮಾತಲ್ಲ. ಲತಾ ಇನ್ನೂ ಬಾಯಿ ತೆರೆದಿಲ್ಲ. ತೆರೆಸುವುದು ನನ್ನಿಂದ ಆಗದು.